ಪುಟದ ಗೋಡೆ, ಪುಟದ ಸಾಮಾನು



ಕನ್ನಡ ಪಂಡಿತನ ಬಾಯಲ್ಲಿ ಕಂಪ್ಯೂಟರಿನ ಮಾತೇಕೆ ಎಂದು ತಾವು ಕೇಳಬಹುದು. ನನ್ನಿಂದಾದ ಒಂದು ತಪ್ಪಿನ ದೆಸೆಯಿಂದ ಈ ವಿಷಯವನ್ನು ನಾನು ಕಲಿಯಬೇಕಾಯಿತು. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಪಾಠ ಹೇಳುವ ಹೈಸ್ಕೂಲಿಗಾಗಿ ಮಕ್ಕಳು ಅಂತರಜಾಲದಲ್ಲಿ ಒಂಬತ್ತು ಪುಟಗಳನ್ನು ಸಿದ್ಧಪಡಿಸಿದ್ದರು. ಅವುಗಳಲ್ಲಿ ಮೂರು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಪರಿಚಯಕ್ಕೆ ಮೀಸಲು. ಮೇಲ್ವಿಚಾರಣೆ ನನ್ನದು. ಮೊದಲ ಪುಟ ಚೆನ್ನಾಗಿ ಬಂದಿತೆಂದು ಅದನ್ನೇ ನಕಲು ಮಾಡಿ ಉಳಿದ ಎಂಟನ್ನು ಎಬ್ಬಿಸಿದರು. ಪ್ರತಿ ಪುಟದ ತಲೆಯಲ್ಲಿ ಶಾಲೆಯ ಹೆಸರು, ಬುಡದಲ್ಲಿ ದೂರವಾಣಿಯ ಸಂಖ್ಯೆ. ಮುಂದೆ ಸಂಖ್ಯೆ ಬದಲಾಯಿತು. ಎಂಟು ಪುಟಗಳಲ್ಲಿ ತಿದ್ದಿದೆವು, ಒಂಬತ್ತನೆಯದು ಮರೆತುಹೋಯಿತು. ಅದು ವಿದ್ಯಾರ್ಥಿವೇತನದ ಪುಟ! ಬ್ಯಾಡಗಿಯ ಕಡೆಯ ರೈತರೊಬ್ಬರು ಮಗಳಿಗಾಗಿ ಎರಡು ದಿನ ಹಳೆಯ ಸಂಖ್ಯೆಗೇ ಕರೆ ಮಾಡಿದರಂತೆ. ಮೂರನೆಯ ದಿನ ಬಸ್ಸು ಹತ್ತಿ ಬರುವಷ್ಟರಲ್ಲಿ ಅರ್ಜಿಯ ಅವಧಿ ಮುಗಿದಿತ್ತು. "ಇರ್ಲಿ ಬಿಡ್ರಿ ಮಾಸ್ತರ್ರ" ಎಂದು ಹೊರಟರು. ಸಿಟ್ಟಾಗಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಈ ಸುದ್ದಿ ತಿಳಿದ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಬೇರೆ ದಾರಿ ತೋರಿಸಿದ. 2013ರಲ್ಲಿ ಫೇಸ್‌ಬುಕ್ ಕಂಪನಿಯವರು ರಿಯಾಕ್ಟ್ ಎಂಬ ಸಾಧನವನ್ನು ಎಲ್ಲರಿಗೂ ಮುಕ್ತಗೊಳಿಸಿದರು. ಪುಟವನ್ನು ಬಿಡಿಭಾಗಗಳಿಂದ ಕಟ್ಟುವುದು ಅದರ ರೀತಿ. ಅದರ ಮೇಲೆ ನಿಂತದ್ದು 2016ರಲ್ಲಿ ಹೊರಬಂದ ನೆಕ್ಸ್ಟ್ ಜೆಎಸ್. ಬಿಡಿಭಾಗಕ್ಕೆ ಅವರು ಕಾಂಪೊನೆಂಟ್ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಪ್ರತ್ಯಯದಂತೆ ಕಂಡಿತು. 'ಇಂದ' ಎಂಬ ಪ್ರತ್ಯಯ ಒಂದೇ. ಹಾವೇರಿಯಿಂದ, ಬ್ಯಾಡಗಿಯಿಂದ ಎನ್ನುವಲ್ಲಿ ನಡುವೆ ಯಕಾರ ಬರುತ್ತದೆ. ರಾಣೇಬೆನ್ನೂರಿನಿಂದ ಎನ್ನುವಲ್ಲಿ 'ಇನ' ಎಂಬ ಆಗಮ. ಪ್ರಕೃತಿಯನ್ನು ನೋಡಿಕೊಂಡು ಕೂಡುವ ಬಗೆ ಬದಲಾಗುತ್ತದೆಯೇ ಹೊರತು ಊರಿಗೊಂದು ಪ್ರತ್ಯಯವನ್ನು ನಾವು ಹುಟ್ಟಿಸುವುದಿಲ್ಲ. ಹಾಗೆಯೇ ಮಕ್ಕಳು ಊರಿನ ಪರಿಚಯಕ್ಕೆಂದು ಒಂದೇ ಅಚ್ಚು ಬರೆದರು. ಅದಕ್ಕೆ ಪಶ್ಚಿಮಾಭಿಮುಖವಾದ ಸಿದ್ಧೇಶ್ವರ ದೇವಾಲಯವನ್ನು ಕೊಟ್ಟರೆ ಹಾವೇರಿಯ ಪರಿಚಯ. 1974ರ ಕೃಷ್ಣಮೃಗ ವನ್ಯಧಾಮವನ್ನು ಕೊಟ್ಟರೆ ರಾಣೇಬೆನ್ನೂರಿನದು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮೆಣಸಿನಕಾಯಿಯನ್ನು ಕೊಟ್ಟರೆ ಬ್ಯಾಡಗಿಯದು. ಅಕ್ಷರದ ಗಾತ್ರ ತಿದ್ದಬೇಕೆ? ಅಚ್ಚಿನಲ್ಲಿ ತಿದ್ದಿದರೆ ಮೂರೂ ಕಡೆ ತಿದ್ದಿದಂತೆ.

ಇನ್ನು ಲೇಔಟ್, ಅಂದರೆ ಪುಟದ ಚೌಕಟ್ಟು. 2022ರಲ್ಲಿ ಬಂದ ನೆಕ್ಸ್ಟ್ ಜೆಎಸ್‌ನ 13ನೆಯ ಆವೃತ್ತಿ ಇದಕ್ಕೊಂದು ಸೊಗಸಾದ ಏರ್ಪಾಡು ತಂದಿತು. 'ಆ್ಯಪ್' ಎಂಬ ಹೊರಗಿನ ಫೋಲ್ಡರಿನಲ್ಲಿ ಲೇಔಟ್ ಎಂಬ ಕಡತವಿಟ್ಟರೆ ಅದು ಎಲ್ಲ ಪುಟಗಳಿಗೂ ಹೊರಗೋಡೆ. ಶಾಲೆಯ ಹೆಸರು, ದೂರವಾಣಿಯ ಸಂಖ್ಯೆ ಅಲ್ಲಿ ಒಮ್ಮೆ ಮಾತ್ರ. ಊರುಗಳ ಪುಟಗಳಿರುವ ಒಳಫೋಲ್ಡರಿಗೆ ಬೇರೊಂದು ಲೇಔಟ್ ಇಟ್ಟರೆ ಅದು ಆ ಪುಟಗಳಿಗಷ್ಟೇ ಒಳಗೋಡೆ. ಹಾವೇರಿಯ ಪುಟದಿಂದ ಬ್ಯಾಡಗಿಯ ಪುಟಕ್ಕೆ ಹೋದಾಗ ಗೋಡೆಗಳು ನಿಂತೇ ಇರುತ್ತವೆ, ನಡುವಿನ ಸಾಮಾನು ಬದಲಾಗುತ್ತದೆ. ಬಿಡಿಭಾಗಗಳನ್ನು ಎಲ್ಲಿಡಬೇಕೆಂಬುದಕ್ಕೆ ಅಂಥ ಕಟ್ಟುನಿಟ್ಟಿಲ್ಲ. ಒಂದೇ ಪುಟಕ್ಕೆ ಬೇಕಾದದ್ದು ಆ ಪುಟದ ಮಗ್ಗುಲಲ್ಲಿರಲಿ, ಹಲವಕ್ಕೆ ಬೇಕಾದದ್ದು ಬೇರೆ ಫೋಲ್ಡರಿನಲ್ಲಿರಲಿ ಎಂದು ನಾನು ಹೇಳಿದೆ.

ಆದರೆ ಸಂಧಿ ಹೊಸದಾಗಿ ಕಲಿತ ಹುಡುಗ ಕಂಡ ಪದವನ್ನೆಲ್ಲ ಬಿಡಿಸಲು ಹೊರಡುತ್ತಾನಲ್ಲವೆ? ನಮ್ಮವರೂ ಒಂದೇ ಕಡೆ ಬರುವ ಗೆರೆಗೂ ಒಂದು ಕಾಂಪೊನೆಂಟ್ ಮಾಡಿದರು! ಮೇಲಾಗಿ, ಮೆಣಸಿನಕಾಯಿಯ ತಳಿಗಳ ವಿವರವನ್ನೂ ಊರಿನ ಅಚ್ಚಿನಲ್ಲೇ ತುರುಕಿದರು. ಹಾವೇರಿಯ ದೇವಾಲಯದ ಕೆಳಗೆ 'ಡಬ್ಬಿ, ಕಡ್ಡಿ' ಎಂಬ ಖಾಲಿ ಮನೆಗಳು ಮೂಡಿದವು. ಅದನ್ನು ಬೇರ್ಪಡಿಸಿ ಬ್ಯಾಡಗಿಯ ಪುಟಕ್ಕೆ ಕಳುಹಿಸಿದೆವು. ಒಂದೇ ಸಾಮಾನು ಮೂರನೆಯ ಸಲ ಬಂದಾಗ ಅಚ್ಚಿನ ವಿಚಾರ ಮಾಡಿದರೆ ಸಾಕೆಂಬುದು ನನ್ನ ಅಭಿಪ್ರಾಯ.

ಈ ವರ್ಷ ಶಾಲೆಯ ಸಂಖ್ಯೆ ಮತ್ತೆ ಬದಲಾಯಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೊರಗೋಡೆಯಲ್ಲಿ ಒಂದೇ ಸಲ ತಿದ್ದಿ, "ಆತ್ರಿ ಸರ್" ಎಂದಳು. ಅವಳು ಮನೆಗೆ ಹೋದ ಮೇಲೆ ನಾನು ಒಂಬತ್ತೂ ಪುಟಗಳನ್ನು ತೆರೆದು ನೋಡಿದೆ. ವಿದ್ಯಾರ್ಥಿವೇತನದ ಪುಟವನ್ನು ಎರಡು ಸಲ.