ಬೆಳೆಯುವುದಕ್ಕೂ ಒಂದು ಮಿತಿ: ಗೋದಾವರಿಯ ದಡದಿಂದ ಕೆಲವು ಮಾತು



ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೇಳಿದ್ದು ಗೋದಾವರಿಯನ್ನು. ಆ ನದಿಯ ದಡದ ಪೈಠಣಕ್ಕೆ ನಾವು ಹೋಗುವುದು ಏಕನಾಥರ ದರ್ಶನಕ್ಕೆ, ಪೈಠಣಿ ಸೀರೆಗೆ. ಹಾಗೆಯೇ ಜಾಯಕವಾಡಿ ಅಣೆಕಟ್ಟನ್ನೂ ನೋಡಿ ಬರುತ್ತೇವೆ. ಆ ಅಣೆಕಟ್ಟಿನ ಹಿಂದಿರುವ ನಾಥಸಾಗರದಿಂದಲೇ ಛತ್ರಪತಿ ಸಂಭಾಜಿನಗರದ ನಲ್ಲಿಗಳಿಗೆ ನೀರು ಬರುವುದು. ಈ ನೀರಿನಲ್ಲಿ ಜೀವಿಗಳು ಹೇಗೆ ಹೆಚ್ಚುತ್ತವೆ, ಅವನ್ನು ಯಾವುದು ತಡೆಯುತ್ತದೆ ಎಂಬುದು ಇವತ್ತಿನ ನನ್ನ ವಿಷಯ.

ಅಡುಗೆಮನೆಯಿಂದಲೇ ಶುರು ಮಾಡೋಣ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನಲ್ಲಿ ಮೊದಲ ಕೆಲವು ಗಂಟೆ ಏನೂ ಕಾಣುವುದಿಲ್ಲ. ಆಮೇಲೆ ಸೂಕ್ಷ್ಮಜೀವಿಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹಿಟ್ಟು ಉಬ್ಬುತ್ತದೆ. ಬೆಳಿಗ್ಗೆ ಮರೆತು ಹಾಗೇ ಬಿಟ್ಟರೆ ಹುಳಿ ಹೆಚ್ಚಾಗಿ, ಆ ಹುಳಿಯೇ ಅವುಗಳ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ನಿಧಾನ ಆರಂಭ, ನಡುವೆ ವೇಗ, ಕೊನೆಗೆ ಮಿತಿ. ಬೆಲ್ಜಿಯಂನ ವೆರ್ಹುಲ್ಸ್ಟ್ ಎಂಬ ಗಣಿತಜ್ಞ 1838ರಲ್ಲಿ ಇದನ್ನು ಸಮೀಕರಣವಾಗಿ ಬರೆದ. ಒಂದು ಜಾಗ ಎಷ್ಟು ಜೀವಿಗಳನ್ನು ಸಾಕಬಲ್ಲದೋ ಅದನ್ನು ಆ ಜಾಗದ ಧಾರಣ ಸಾಮರ್ಥ್ಯ ಎನ್ನುತ್ತಾರೆ.

ಈ ಸಾಮರ್ಥ್ಯ ಕಲ್ಲಿನಲ್ಲಿ ಕೆತ್ತಿಟ್ಟ ಸಂಖ್ಯೆಯಲ್ಲ. 1976ರಲ್ಲಿ ಜಾಯಕವಾಡಿ ಉದ್ಘಾಟನೆಯಾಯಿತು. ಹತ್ತೇ ವರ್ಷಕ್ಕೆ, 1986ರಲ್ಲಿ, ಜಲಾಶಯ ಪಕ್ಷಿಧಾಮವಾಯಿತು. ಹೊಸ ನೀರು ಬಂದಲ್ಲಿಗೆ ಹಕ್ಕಿಗಳೂ ಬಂದವು. ಆದರೆ ಜಲಾಶಯ ತುಂಬಿ ತುಳುಕಿದರೆ ಹಕ್ಕಿ ಹೆಚ್ಚು ಎಂದುಕೊಳ್ಳಬೇಡಿ. ಫ್ಲೆಮಿಂಗೊ ಎಷ್ಟೇ ಉದ್ದ ಕಾಲಿನದಾದರೂ ಅದಕ್ಕೆ ಬೇಕಾದದ್ದು ತೆಳು ನೀರು. ಕೆಸರು ಕೆದಕಿ ತಿನ್ನುವ ಹಕ್ಕಿಗಳಿಗೆ ಬೇಕಾದದ್ದು ಒದ್ದೆ ಮಣ್ಣು. ಚಳಿಗಾಲ ಕಳೆಯುತ್ತಾ ನೀರು ಇಳಿದಂತೆ ಅಂಚಿನಲ್ಲಿ ಅವಕ್ಕೆ ಊಟದ ಪಂಕ್ತಿ ತೆರೆಯುತ್ತದೆ. ಅದೇ ಹೂಳಿನಲ್ಲಿ ರೈತರೂ ಬಿತ್ತುತ್ತಾರೆ, ಅದೇ ನೀರಿನಲ್ಲಿ ಮೀನುಗಾರರೂ ಬಲೆ ಬೀಸುತ್ತಾರೆ. ಹಕ್ಕಿಗಳ ಮಿತಿಯನ್ನು ಹೀಗೆ ಊಟವೂ ಜಾಗವೂ ಸೇರಿ ನಿರ್ಧರಿಸುತ್ತವೆ.

ಈಗ ನದಿಯ ಮೇಲ್ಭಾಗಕ್ಕೆ, ನಾಶಿಕದ ಕಡೆಗೆ ಹೋಗೋಣ. ನಗರದಲ್ಲೂ ಅದರ ಕೆಳಗಿನ ನಿಫಾಡ ತಾಲ್ಲೂಕಿನಲ್ಲೂ ಗೋದಾವರಿಯ ಮೇಲೆ ಹಸಿರು ಚಾಪೆ ಹಾಸಿದಂತೆ ಕಾಣುವ ಕಳೆಯನ್ನು ನೀವು ನೋಡಿರಬಹುದು. ಮರಾಠಿಯಲ್ಲಿ ಅದು ಜಲಪರ್ಣಿ. ನಮ್ಮ ಕಡೆ ಅಂತರಗಂಗೆ ಎನ್ನುವವರೂ ಇದ್ದಾರೆ. ನೇರಳೆ ಹೂ ಬಿಡುವ ಈ ಗಿಡ ದಕ್ಷಿಣ ಅಮೆರಿಕದ್ದು. ಅನುಕೂಲ ಸಿಕ್ಕರೆ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಒಂದೇ ಗಿಡ ಹಾಗೆ 20 ಸಲ ಇಮ್ಮಡಿಯಾದರೆ, ಅಂದರೆ 280 ದಿನಗಳಲ್ಲಿ, ಲೆಕ್ಕ ಹತ್ತು ಲಕ್ಷ ದಾಟುತ್ತದೆ!

ಇಲ್ಲೊಂದು ಗಮನಿಸಬೇಕಾದ ವಿಷಯವಿದೆ. ವೆರ್ಹುಲ್ಸ್ಟ್ ಸಮೀಕರಣದ ಪ್ರಕಾರ ಸಂಖ್ಯೆ ಅತಿ ವೇಗವಾಗಿ ಏರುವುದು ಮಿತಿಯ ಅರ್ಧದಲ್ಲಿರುವಾಗ. ಆದ್ದರಿಂದ ಯಂತ್ರ ತಂದು ಅರ್ಧ ಕಳೆ ತೆಗೆದು ನಿಲ್ಲಿಸಿದರೆ, ಉಳಿದ ಅರ್ಧಕ್ಕೆ ಹಬ್ಬಲು ಜಾಗ ಮಾಡಿಕೊಟ್ಟ ಹಾಗಾಗುತ್ತದೆ. ತೆಗೆಯಲೇಬೇಕು ನಿಜ, ಅದು ಕಳೆ ಕಡಿಮೆ ಇರುವಾಗಲೇ ಆಗಬೇಕು, ಜೊತೆಗೆ ಅದಕ್ಕೆ ಸಿಗುವ ಊಟವೂ ನಿಲ್ಲಬೇಕು. ಆ ಊಟ ಯಾವುದು? ಕೊಳಚೆ ನೀರು, ಬಟ್ಟೆ ಸೋಪಿನ ಫಾಸ್ಫೇಟ್, ಹೊಲದಿಂದ ಹರಿದ ಗೊಬ್ಬರ. ಪ್ರಕೃತಿ ಹಾಕಿದ್ದ ಮಿತಿಯನ್ನು ನಾವೇ ಕೈಯಾರೆ ಮೇಲೇರಿಸುತ್ತಿದ್ದೇವೆ.

ಇದಕ್ಕೆ ಬೆಂಗಳೂರಿನಲ್ಲೂ ಒಂದು ಪಾಠವಿದೆ. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಳೆಯನ್ನು ತಿನ್ನುವ ಉದ್ದ ಮೂತಿಯ ಪುಟ್ಟ ದುಂಬಿಗಳನ್ನು ವಿದೇಶದಿಂದ ತರಿಸಿ, ಬೇರೆ ಗಿಡಗಳಿಗೆ ತೊಂದರೆಯಿಲ್ಲವೆಂದು ಪರೀಕ್ಷಿಸಿ, ಕೆರೆಗಳಿಗೆ ಬಿಟ್ಟರು. ದೊಡ್ಡ ದುಂಬಿ ಎಲೆ ಕೆರೆಯುತ್ತದೆ, ಮರಿ ಕಾಂಡ ಕೊರೆಯುತ್ತದೆ. ಕೆಲವು ವರ್ಷಗಳಲ್ಲಿ ಅಂಥ ಕೆರೆಗಳಲ್ಲಿ ಕಳೆ ತೀರಾ ಇಳಿಯಿತು. ತವರಿನಲ್ಲಿದ್ದ ಶತ್ರುವನ್ನು ಬಿಟ್ಟು ಬಂದ ಗಿಡಕ್ಕೆ ಆ ಶತ್ರು ಮತ್ತೆ ಸಿಕ್ಕಿತ್ತು. ಆದರೆ ದುಂಬಿ ಕಳೆಯನ್ನು ಪೂರ್ತಿ ಮುಗಿಸುವುದಿಲ್ಲ. ಗಿಡ ಕಡಿಮೆಯಾದಂತೆ ದುಂಬಿಯೂ ಕಡಿಮೆಯಾಗುತ್ತದೆ. ಕೊಳಚೆ ಹರಿಯುತ್ತಲೇ ಇದ್ದರೆ ಗಿಡ ದುಂಬಿಗಿಂತ ವೇಗವಾಗಿ ಚಿಗುರುತ್ತದೆ. ಬೆಳ್ಳಂದೂರು ಕೆರೆಯ ಕಳೆ, ನೊರೆ, ಬೆಂಕಿಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಹುಳುವೊಂದೇ ನಮ್ಮ ಕೊಳೆಯನ್ನೆಲ್ಲ ತೊಳೆಯಲಾರದು.

ನಾಶಿಕದಲ್ಲಿ ಚರಂಡಿಗೆ ಬಿದ್ದದ್ದು ಪೈಠಣದ ಕಡೆಗೇ ಹರಿಯುತ್ತದೆ. ನಡುವೆ ನಾಂದೂರ್ ಮಧ್ಯಮೇಶ್ವರವಿದೆ, ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ. ಆಮೇಲೆ ನಮ್ಮ ನಾಥಸಾಗರ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ನಮಗೆ ಹನಿಯ ಬೆಲೆ ಗೊತ್ತು. ಆ ಹನಿ ಎಂಥದ್ದು ಎಂಬುದೂ ನಮ್ಮ ಚಿಂತೆಯಾಗಲಿ.

ಹಾಗಾಗಿ ನನ್ನ ಕೋರಿಕೆ ಮೂರೇ. ಸೋಪಿನ ಪುಡಿಯನ್ನು ಅಳೆದು ಹಾಕಿ. ಪೂಜೆಯ ಹೂವನ್ನು ನದಿಗೆ ಬಿಡದೆ ಗೊಬ್ಬರ ಮಾಡಿ. ಅಕ್ವೇರಿಯಂನ ಗಿಡ, ಮೀನುಗಳನ್ನೂ ಕೆರೆಗೆ ಬಿಡಬೇಡಿ. ಮುಂದೆ ನಿಮ್ಮ ನಗರಸೇವಕರು ಸಿಕ್ಕಾಗ ಕಳೆ ತೆಗೆಯಲು ಎಷ್ಟು ಖರ್ಚಾಯಿತು ಎಂದಷ್ಟೇ ಕೇಳಬೇಡಿ. ಕೊಳಚೆಯಲ್ಲಿ ಎಷ್ಟು ಪಾಲು ಶುದ್ಧವಾಗಿ ನದಿ ಸೇರುತ್ತಿದೆ ಎಂದೂ ಕೇಳಿ.

ಪ್ರತಿ ಜೀವಿಗೂ ಪ್ರಕೃತಿ ಒಂದು ಮಿತಿ ಇಟ್ಟಿದೆ. ಆ ಮಿತಿಯನ್ನು ತಿಳಿದು ನಡೆಯುವ ಬುದ್ಧಿ ಮನುಷ್ಯರಿಗಿದೆ. ಅದನ್ನು ಬಳಸೋಣ.