‘ಅಗೇನ್’, ‘ಮತ್ತೆ’ ಮತ್ತು ‘ಮರಳಿ’

(ಹಡಪಸರದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಮನೆಯ ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಇಂಗ್ಲಿಷ್ ಪದವೊಂದಿದೆ: ‘ಅಗೇನ್’. ‘ಅಗೇನ್ ಹೇಳು’, ‘ಅಗೇನ್ ಊರಿಗೆ ಹೋಗೋಣ’ ಎನ್ನುತ್ತಾರೆ. ಅನ್ಯಭಾಷೆಯ ಪದ ಬಂದಿತೆಂದು ದೂರಲು ನಾನು ನಿಂತಿಲ್ಲ. ‘ಪುನಃ’ ಸಂಸ್ಕೃತದಿಂದ, ‘ವಾಪಸು’ ಫಾರ್ಸಿಯಿಂದ ಬಂದು ನಮ್ಮವೇ ಆಗಿವೆ. ಆದರೆ ಈ ಒಂದು ಪದ ಬಂದು ಕುಳಿತಾಗ ನಮ್ಮಲ್ಲಿ ಯಾವ ಪದಗಳು ಎದ್ದುಹೋಗುತ್ತವೆ ಎಂಬುದನ್ನು ವಿಚಾರಿಸಬೇಕಾಗಿದೆ.

‘ಅವನು ಮತ್ತೆ ಸೋಲಾಪುರಕ್ಕೆ ಹೋದನು’ ಎಂದರೆ ಹಿಂದೆ ಹೋಗಿದ್ದವನು ಇನ್ನೊಂದು ಸಲ ಹೋದನೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ‘ಮರಳಿ ಸೋಲಾಪುರಕ್ಕೆ ಹೋದನು’ ಎಂದರೆ ಅವನು ಮೊದಲು ಹೊರಟದ್ದೇ ಅಲ್ಲಿಂದ ಎಂಬುದು ಸ್ಪಷ್ಟ. ಮೊದಲನೆಯದರಲ್ಲಿ ಎಣಿಕೆಯಿದೆ, ಎರಡನೆಯದರಲ್ಲಿ ನಂಟಿದೆ. ಉತ್ತರ ಕರ್ನಾಟಕದವರು ‘ಹೊಳ್ಳಿ ಬಂದ’ ಎನ್ನುವಾಗಲೂ ಇದೇ ಭಾವ. ಅದು ‘ಹೊರಳಿ’ ಎಂಬುದರ ಆಡುರೂಪ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ‘ಮತ್ತೆ ಮಣ್ಣಿಗೆ’ ಎಂದು ಕರೆದು ನೋಡಿ, ಏನು ಕಳೆಯಿತೆಂಬುದು ಒಡನೆಯೇ ತಿಳಿಯುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ, ‘ಅಗೇನ್’ ಕೂಡ ಹುಟ್ಟಿನಿಂದ ಎಣಿಕೆಯ ಪದವಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಎದುರಾಗಿ’, ‘ಹಿಂದಕ್ಕೆ’ ಎಂಬ ಅರ್ಥಗಳಿದ್ದವು. ‘ಇನ್ನೊಮ್ಮೆ’ ಎಂಬ ಅರ್ಥ ಆಮೇಲೆ ಬಲಿಯಿತು. ‘ಅಗೇನ್‌ಸ್ಟ್’ ಎಂಬುದು ಅದರಿಂದಲೇ ಬೆಳೆದ ಪದ. ನಮ್ಮ ‘ತಿರುಗಿ’, ‘ಮರಳಿ’ಗಳೂ ಹಿಂದಿರುಗುವ ಕ್ರಿಯೆಯಿಂದಲೇ ಪುನರಾವೃತ್ತಿಯ ಅರ್ಥಕ್ಕೆ ಹರಡಿವೆ. ನೆರೆಯ ಮರಾಠಿಗರಲ್ಲಿಯೂ ‘ಪರತ್ ಆಲಾ’ ಎಂದರೆ ಹಿಂದಿರುಗಿದನು, ‘ಪುನ್ಹಾ ಆಲಾ’ ಎಂದರೆ ಇನ್ನೊಮ್ಮೆ ಬಂದನು.

ಕಚೇರಿಯಲ್ಲಿ ಈ ಭೇದಕ್ಕೆ ಬೆಲೆಯುಂಟು. ‘ಕಡತವನ್ನು ಮತ್ತೆ ಕಳುಹಿಸಿದೆ’ ಎಂದರೆ ನಾನು ಎರಡನೆಯ ಸಲ ಕಳುಹಿಸಿದೆ. ‘ಮರಳಿಸಿದೆ’ ಎಂದರೆ ಬಂದಲ್ಲಿಗೇ ಹೋಯಿತು. ಹೊಣೆ ಯಾರ ಮೇಜಿನ ಮೇಲಿದೆ ಎಂಬುದು ಆ ಒಂದು ಪದದಿಂದ ನಿರ್ಧಾರವಾಗುತ್ತದೆ. ‘ಮರು’ ಎಂಬ ಪುಟ್ಟ ಪದವನ್ನೇ ನೋಡಿ: ಮರುಮದುವೆಯಲ್ಲಿ ಎರಡನೆಯ ಸಲ, ಮರುದಿನದಲ್ಲಿ ಮುಂದಿನದು, ಮರುಟಪಾಲಿನಲ್ಲಿ ಹಿಂದಿರುಗುವಿಕೆ. ಇದನ್ನು ಮರೆತವರು ‘ಪುನಃ ಮತ್ತೊಮ್ಮೆ ಮರುಪರಿಶೀಲಿಸಿ’ ಎಂದು ಒಂದೇ ಕೆಲಸವನ್ನು ಮೂರು ಸಲ ಹೇಳುತ್ತಾರೆ. ಇನ್ನು ‘ಹೇಳಿ ಹೇಳಿ ಸಾಕಾಯಿತು’ ಎನ್ನುವಾಗ ಬೇರೆ ಪದವೇ ಬೇಡ. ಕ್ರಿಯಾಪದದ ದ್ವಿರುಕ್ತಿಯೇ ಕೇಳುವವನಿಗೆ ದಣಿವನ್ನು ಮುಟ್ಟಿಸುತ್ತದೆ.

ಸೋಲಾಪುರ ರಸ್ತೆಯ ಬದಿಯ ಈ ಹಡಪಸರದಲ್ಲಿ ನೆಲೆಸಿ, ಅದೇ ರಸ್ತೆ ಹಿಡಿದು ಊರಿಗೆ ಹೋಗಿಬರುವ ನಮಗೆ ಇದು ಕೇವಲ ವ್ಯಾಕರಣವಲ್ಲ. ಇಲ್ಲಿಯೇ ಹುಟ್ಟಿದ ಮಗುವಿಗೆ ಅಜ್ಜನ ಊರು ‘ಮತ್ತೆ’ ಹೋಗುವ ಸ್ಥಳವೋ, ‘ಮರಳಿ’ ಹೋಗುವ ಸ್ಥಳವೋ? ಉತ್ತರವನ್ನು ಮಗುವೇ ಹೇಳಲಿ. ಇಲ್ಲಿಂದ ಹೋಗಿ ಹಡಪಸರಕ್ಕೇ ಮರಳುತ್ತೇನೆಂದರೂ ತಪ್ಪಿಲ್ಲ. ಆದರೆ ಆ ಪ್ರಶ್ನೆಯನ್ನು ಕೇಳಿಕೊಳ್ಳಲು ಅದರ ಬಳಿ ಎರಡು ಪದಗಳಾದರೂ ಇರಬೇಕು.

ಆದುದರಿಂದ ಮಕ್ಕಳು ‘ಅಗೇನ್’ ಎಂದಾಗ ಗದರಿಸಬೇಡಿ. ‘ಇನ್ನೊಮ್ಮೆಯೋ, ಹಿಂದಕ್ಕೋ?’ ಎಂದು ಕೇಳಿ. ನಮ್ಮ ಸಂಘದ ಕನ್ನಡ ಕಲಿಕೆ ಅಲ್ಲಿಂದಲೇ ಆರಂಭವಾಗಲೆಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.