ಆಟ ಮುಗಿದ ಮೇಲೆ ಬೆಟ್ಟದ ಪಾಡು

(ಉಪನ್ಯಾಸದ ಲಿಖಿತ ರೂಪ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಇಲ್ಲಿರುವ ಎಲ್ಲರಿಗೂ ಗೊತ್ತು. ಎರಡರಲ್ಲೂ ಅಂದಾಜು ಒಂದು, ಆಗುವ ಖರ್ಚು ಮತ್ತೊಂದು. ಅಂತರರಾಷ್ಟ್ರೀಯ ಕ್ರೀಡಾಕೂಟವೆಂದರೆ ಮನೆಯನ್ನೂ ಮದುವೆಯನ್ನೂ ಏಕಕಾಲಕ್ಕೆ, ಊರಿನವರ ಹಣದಲ್ಲಿ, ಮುಂದೂಡಲಾಗದ ಮುಹೂರ್ತಕ್ಕೆ ಮಾಡಿ ಮುಗಿಸುವ ಸಾಹಸ. 2025ರ ನವೆಂಬರ್ 26ರಂದು ಗ್ಲಾಸ್ಗೋ ನಗರದಲ್ಲಿ ಸೇರಿದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಮಹಾಸಭೆ 2030ರ ಕೂಟವನ್ನು ಅಹಮದಾಬಾದಿಗೆ ವಹಿಸಿತು. 2036ರ ಒಲಿಂಪಿಕ್ಸ್ ನಡೆಸುವ ಆಸಕ್ತಿಪತ್ರವನ್ನು ಭಾರತ 2024ರಲ್ಲಿಯೇ ಸಲ್ಲಿಸಿತ್ತು.

ಅಹಮದಾಬಾದಿನ ಆಟಕ್ಕೂ ಮಲೆನಾಡಿನ ಅಡಿಕೆ ತೋಟಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಎರಡು ಬಗೆಯದು. ಕೂಟಕ್ಕೆ ವ್ಯಯವಾಗುವುದು ದೇಶದ ಎಲ್ಲರ ಬೊಕ್ಕಸದ ಹಣ. ಮತ್ತೆ, ಇಂಥ ಕೂಟಗಳು ಜಗತ್ತಿನಲ್ಲಿ ನೆಲವನ್ನು ಬೇಡಿದಾಗಲೆಲ್ಲ ಮೊದಲು ಕಣ್ಣು ಹಾಯಿಸುವುದು ಖಾಲಿಯಿದೆಯೆಂದು ನಕ್ಷೆಯಲ್ಲಿ ತೋರುವ ಜಾಗಗಳತ್ತ: ನದಿಯ ದಂಡೆ, ಕೊಳೆಗೇರಿ, ಕಾಡು, ಬೆಟ್ಟದ ಓರೆ. ಇವು ಯಾವುವೂ ಖಾಲಿ ಜಾಗಗಳಲ್ಲ ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಡು ಕಡಿದು ಮಾಡಿದ ಇಳಿಜಾರು

ದಕ್ಷಿಣ ಕೊರಿಯಾದ ಗಾಂಗ್‌ವಾನ್ ಪ್ರಾಂತ್ಯದಲ್ಲಿ ಗರಿವಾಂಗ್ ಎಂಬ ಪರ್ವತವಿದೆ. ಎತ್ತರ 1,561 ಮೀಟರ್. ಜೋಸಾನ್ ಅರಸರ ಕಾಲದಲ್ಲಿ ಜಿನ್ಸೆಂಗ್ ಬೇರಿನ ಸಲುವಾಗಿ ಸಾಮಾನ್ಯರ ಪ್ರವೇಶವನ್ನು ನಿರ್ಬಂಧಿಸಿ ಕಾಯ್ದುಕೊಂಡು ಬಂದ ಕಾಡು ಅದು. ಮಲೆನಾಡಿನ ದೇವರ ಕಾಡನ್ನು ನೆನಪಿಸಿಕೊಂಡರೆ ಅದರ ಸ್ವರೂಪ ಅರ್ಥವಾದೀತು. ಅಲ್ಲಿಯ ನೆಲವೂ ವಿಶಿಷ್ಟವಾದುದು. ಮೇಲೆ ತೆಳುವಾದ ಮಣ್ಣು, ಕೆಳಗೆ ಕಲ್ಲುಬಂಡೆಗಳ ರಾಶಿ. ಬಂಡೆಗಳ ಸಂದುಗಳಿಂದ ಬೇಸಿಗೆಯಲ್ಲಿ ತಣ್ಣನೆಯ ಗಾಳಿಯೂ ಚಳಿಗಾಲದಲ್ಲಿ ಬೆಚ್ಚಗಿನ ಗಾಳಿಯೂ ಹೊಮ್ಮುತ್ತವೆ. ಹೀಗಾಗಿ ಶೀತವಲಯದ ಸಸ್ಯಗಳೂ ಅದಕ್ಕಿಂತ ಬೆಚ್ಚನೆಯ ವಲಯದ ಸಸ್ಯಗಳೂ ಒಂದೇ ಓರೆಯಲ್ಲಿ ಬದುಕಿದ್ದವು. ಸರ್ಕಾರವೇ ಅದನ್ನು ಅರಣ್ಯ ತಳಿಸಂಪತ್ತಿನ ಸಂರಕ್ಷಿತ ಪ್ರದೇಶವೆಂದು ಘೋಷಿಸಿತ್ತು.

2018ರ ಫೆಬ್ರವರಿಯಲ್ಲಿ ಪ್ಯಾಂಗ್‌ಚಾಂಗ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಪುರುಷರ ಅತಿವೇಗದ ಸ್ಕೀ ಸ್ಪರ್ಧೆಗೆ ಮೇಲಿನಿಂದ ಕೆಳಗಿನವರೆಗೆ ಕನಿಷ್ಠ 800 ಮೀಟರ್ ಇಳಿತವಿರಬೇಕೆಂಬುದು ನಿಯಮ. ಈ ಅಳತೆಗೆ ಗರಿವಾಂಗ್ ಹೊಂದುತ್ತದೆಂದು ತೀರ್ಮಾನವಾಯಿತು. ಸಂರಕ್ಷಣೆಯ ಘೋಷಣೆಯನ್ನು ಆ ಭಾಗದ ಮಟ್ಟಿಗೆ ತೆರವುಗೊಳಿಸಲಾಯಿತು. ಬಿದ್ದ ಮರಗಳ ಸಂಖ್ಯೆ ಸುಮಾರು 58,000 ಎಂದು ವರದಿಯಾಯಿತು. ಸ್ಪರ್ಧೆ ನಡೆದದ್ದು ಕೆಲವೇ ದಿನ.

ಕೂಟ ಮುಗಿದ ಬಳಿಕ ಕಾಡನ್ನು ಮೊದಲಿನಂತೆ ಮಾಡಿಕೊಡುವುದೆಂಬ ಷರತ್ತಿನ ಮೇಲೆಯೇ ಅನುಮತಿ ದೊರೆತಿತ್ತು. 2018ರ ಮೇ ತಿಂಗಳ ಮಳೆಗೆ ಬೋಳಾದ ಓರೆಯಿಂದ ಮಣ್ಣು ಕೊಚ್ಚಿ ಕೆಳಗಿನ ಊರಿನತ್ತ ಹರಿಯಿತು. ಷರತ್ತನ್ನು ಈಡೇರಿಸುವ ಹೊತ್ತಿಗೆ ಹೊಸ ವಾದ ಹುಟ್ಟಿಕೊಂಡಿತು. ಇಷ್ಟು ಹಣ ಸುರಿದು ಕಟ್ಟಿದ ರೋಪ್‌ವೇಯನ್ನು ಕೆಡವುವುದೇಕೆ, ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು ಸಿಗುತ್ತದಲ್ಲ ಎಂದು ಸ್ಥಳೀಯರೇ ಕೇಳತೊಡಗಿದರು. 2021ರಲ್ಲಿ ಸರ್ಕಾರ ರೋಪ್‌ವೇಯನ್ನು 2024ರ ಕೊನೆಯವರೆಗೆ ಓಡಿಸಲು ಒಪ್ಪಿಕೊಂಡಿತು. ಸ್ಥಳೀಯರ ವಾದದಲ್ಲಿ ದುರಾಸೆಯನ್ನು ಹುಡುಕುವುದು ಅನ್ಯಾಯವಾದೀತು. ಕಾಡು ಹೋದ ಊರಿಗೆ ಉಳಿದದ್ದು ಆ ಕಬ್ಬಿಣದ ಹಗ್ಗವೊಂದೇ. ಅದನ್ನಾದರೂ ಹಿಡಿದುಕೊಳ್ಳೋಣವೆಂದು ಅವರು ಬಯಸಿದರು. ಮೊದಲು ಕಾಡಿನ ಪರವಾಗಿ ಮಾತಾಡಬಲ್ಲವರಾಗಿದ್ದ ಜನರನ್ನೇ ಯೋಜನೆಯು ಕ್ರಮೇಣ ತನ್ನ ಪಾಲುದಾರರನ್ನಾಗಿ ಮಾಡಿಕೊಂಡಿತು.

ಕಾಡನ್ನು ಮರಳಿ ಬೆಳೆಸುತ್ತೇವೆಂಬ ಮಾತನ್ನು ಮಣ್ಣಿನ ದೃಷ್ಟಿಯಿಂದ ನೋಡಬೇಕು. ಕಾಡಿನ ನೆಲದಲ್ಲಿ ತರಗೆಲೆಯ ಪದರವಿರುತ್ತದೆ, ಅದರ ಕೆಳಗೆ ಕಳಿತ ಗೊಬ್ಬರ, ಬೇರುಗಳಿಗೆ ಅಂಟಿ ಬದುಕುವ ಶಿಲೀಂಧ್ರಗಳ ಜಾಲ, ಮೊಳಕೆಗಾಗಿ ಕಾದು ಮಲಗಿದ ಬೀಜಗಳು. ಬುಲ್‌ಡೋಜರು ಓರೆಯನ್ನು ಸಮಮಾಡುವಾಗ ಮೊದಲು ಹೋಗುವುದು ಈ ಒಂದೆರಡು ಅಡಿಯ ಪದರ. ಬಂಡೆಗಳ ಸಂದು ಮುಚ್ಚಿದರೆ ಗಾಳಿಯ ಸಂಚಾರವೂ ನಿಲ್ಲುತ್ತದೆ. ಬಳಿಕ ಸಸಿ ನೆಡಬಹುದು, ಅವು ಬದುಕಲೂಬಹುದು. ಆದರೆ ಅದು ನೆಡುತೋಪು, ಕಾಡಲ್ಲ. ಪರಿಹಾರ ಅರಣ್ಯೀಕರಣದ ಹೆಸರಿನಲ್ಲಿ ಅಕೇಶಿಯಾ ಸಾಲುಗಳನ್ನು ಕಂಡಿರುವ ಮಲೆನಾಡಿನ ರೈತನಿಗೆ ಕಾನಿಗೂ ನೆಡುತೋಪಿಗೂ ಇರುವ ಅಂತರ ಗೊತ್ತೇ ಇದೆ. ಸೊಪ್ಪಿನ ಬೆಟ್ಟ ಬೋಳಾದ ಮರುವರ್ಷವೇ ಕೆಳಗಿನ ತೋಟದ ಬಾವಿ ಆ ಅಂತರವನ್ನು ತಿಳಿಸಿಕೊಡುತ್ತದೆ.

ಪ್ಯಾಂಗ್‌ಚಾಂಗ್‌ನ ಬಳಿಕ ಜಗತ್ತು ಪಾಠ ಕಲಿಯಿತೆನ್ನುವಂತಿಲ್ಲ. 2026ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಇಟಲಿಯ ಕೋರ್ತಿನಾದಲ್ಲಿ ಬಾಬ್‌ಸ್ಲೇ ಬಂಡಿಯ ಹೊಸ ಜಾರುಹಾದಿ ನಿರ್ಮಿಸಲು 2024ರಲ್ಲಿ ನೂರಾರು ಲಾರ್ಚ್ ಮರಗಳನ್ನು ಉರುಳಿಸಲಾಯಿತು. ನೆರೆಯ ದೇಶದಲ್ಲಿ ಈಗಾಗಲೇ ಇರುವ ಹಾದಿಯನ್ನು ಬಳಸಿರೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಸಲಹೆಯಿತ್ತಿತ್ತು. ಆತಿಥೇಯರ ಪ್ರತಿಷ್ಠೆ ಅದಕ್ಕೆ ಒಪ್ಪಲಿಲ್ಲ.

ಲೆಕ್ಕ ಉಬ್ಬುವ ಬಗೆ

ಕೆನಡಾದ ಮಾಂಟ್ರಿಯಲ್ ನಗರದ ಮೇಯರ್ ಜಾನ್ ದ್ರಾಪೊ, 1976ರ ಒಲಿಂಪಿಕ್ಸ್‌ಗೆ ಮೊದಲು, ಗಂಡಸು ಹೆರುವುದು ಹೇಗೆ ಅಸಾಧ್ಯವೋ ಹಾಗೆಯೇ ಒಲಿಂಪಿಕ್ಸ್‌ನಿಂದ ನಷ್ಟವಾಗುವುದೂ ಅಸಾಧ್ಯವೆಂಬ ಅರ್ಥದ ಮಾತಾಡಿದ್ದರು. ಆ ಕೂಟದ ಸಾಲ ತೀರಿದ್ದು 2006ರಲ್ಲಿ, ಅಂದರೆ ಮೂವತ್ತು ವರ್ಷಗಳ ನಂತರ. 2016ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಲೆಕ್ಕ ದೊರೆತ ಒಲಿಂಪಿಕ್ಸ್‌ಗಳಲ್ಲಿ ಒಂದೂ ಅಂದಾಜಿನೊಳಗೆ ಮುಗಿದಿಲ್ಲವೆಂದು ತೋರಿಸಿತು. ಹೆಚ್ಚಳದ ಸರಾಸರಿ ಶೇಕಡಾ 156.

ಇದಕ್ಕೆ ಬರೀ ಭ್ರಷ್ಟಾಚಾರವನ್ನು ಕಾರಣವೆಂದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಪ್ರಾಮಾಣಿಕರು ನಡೆಸಿದ ಕೂಟಗಳೂ ಮಿತಿ ಮೀರಿವೆ. ಆತಿಥ್ಯಕ್ಕಾಗಿ ಪೈಪೋಟಿ ನಡೆಸುವಾಗ ಖರ್ಚನ್ನು ಕಡಿಮೆ ಮಾಡಿ ತೋರಿಸಿದವನೇ ಜಾಣ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಎಷ್ಟೇ ಹೆಚ್ಚಾದರೂ ಹೊಣೆ ಆತಿಥೇಯರದು. ಉದ್ಘಾಟನೆಯ ದಿನ ಕಲ್ಲಿನ ಮೇಲೆ ಬರೆದಂತೆ. ನಡುಗಡುವಿನಲ್ಲಿ ಗುತ್ತಿಗೆದಾರ ದರ ಏರಿಸಿದರೆ ಬೇಡವೆನ್ನಲು ಸಮಯವಿರುವುದಿಲ್ಲ. ಮದುವೆಗೆ ಮೂರು ದಿನ ಉಳಿದಾಗ ಅಡುಗೆಯವರು ಹೇಳಿದ್ದೇ ದರ.

ದೆಹಲಿಯ ಉದಾಹರಣೆ ಎಲ್ಲರ ನೆನಪಿನಲ್ಲಿದೆ. 2010ರ ಅಕ್ಟೋಬರ್ 3ರಿಂದ 14ರವರೆಗೆ ನಡೆದ ಕಾಮನ್‌ವೆಲ್ತ್ ಕೂಟದ ಆತಿಥ್ಯ ದೆಹಲಿಗೆ ದೊರೆತದ್ದು 2003ರ ನವೆಂಬರಿನಲ್ಲಿ. ಮಹಾಲೇಖಪಾಲರು 2011ರ ಆಗಸ್ಟಿನಲ್ಲಿ ಸಂಸತ್ತಿನ ಮುಂದಿಟ್ಟ ವರದಿಯ ಪ್ರಕಾರ, 2003ರ ಮೇ ತಿಂಗಳಲ್ಲಿ 1,200 ಕೋಟಿ ರೂಪಾಯಿಯೆಂದಿದ್ದ ಅಂದಾಜು 18,532 ಕೋಟಿಗೆ ಏರಿತ್ತು. ಏಳು ವರ್ಷಗಳ ಕಾಲಾವಕಾಶದ ಬಹುಭಾಗವನ್ನು ಸುಮ್ಮನೆ ಕಳೆದು, ಕೊನೆಗೆ ತುರ್ತಿನ ನೆಪದಿಂದ ಟೆಂಡರಿನ ಕ್ರಮಗಳನ್ನು ಬದಿಗಿಡಲಾಯಿತೆಂಬುದು ವರದಿಯ ಮುಖ್ಯ ಆಕ್ಷೇಪಗಳಲ್ಲೊಂದು. ಸರ್ಕಾರಕ್ಕೆ ಹೊರೆಯಾಗದಂತೆ ತನ್ನ ವೆಚ್ಚವನ್ನು ತಾನೇ ಗಳಿಸಿಕೊಳ್ಳುವುದಾಗಿ ಹೇಳಿದ್ದ ಸಂಘಟನಾ ಸಮಿತಿಗೆ ಅದು ಸಾಧ್ಯವಾಗಲಿಲ್ಲ.

ಹಣ ಎಲ್ಲಿಂದ ಬಂತೆಂಬುದನ್ನೂ ಗಮನಿಸಬೇಕು. ದೆಹಲಿಯಲ್ಲಿ ಪರಿಶಿಷ್ಟ ಜಾತಿಗಳ ಉಪಯೋಜನೆಗೆ ಮೀಸಲಾದ ನೂರಾರು ಕೋಟಿ ರೂಪಾಯಿ ಕೂಟದ ಕಾಮಗಾರಿಗಳತ್ತ ಹರಿದದ್ದು 2010ರಲ್ಲಿ ಬೆಳಕಿಗೆ ಬಂದು, ವಿಷಯ ಸಂಸತ್ತಿನಲ್ಲಿ ಚರ್ಚೆಯಾಯಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಎಂಬ ಮಾತು ಇಲ್ಲಿಗೆ ಸಾಲದು. ಒಬ್ಬರ ಹೊಟ್ಟೆಯ ಹಿಟ್ಟನ್ನು ಮಾರಿ ಇನ್ನೊಬ್ಬರ ಜುಟ್ಟಿಗೆ ಹೂ ಮುಡಿಸಿದ ವ್ಯವಹಾರವಿದು.

ನದಿಯ ದಂಡೆ, ನಗರದ ಅಂಚು

ಕ್ರೀಡಾಪಟುಗಳ ವಸತಿಗೆಂದು ಯಮುನೆಯ ಪೂರ್ವ ದಂಡೆಯಲ್ಲಿ ಕ್ರೀಡಾಗ್ರಾಮ ತಲೆಯೆತ್ತಿತು. ಅದು ನದಿಯ ಪ್ರವಾಹ ಬಯಲು, ದೆಹಲಿಯ ಅಂತರ್ಜಲಕ್ಕೆ ನೀರೂಡುವ ಮರಳುನೆಲ ಎಂದು ಪರಿಸರ ಹೋರಾಟಗಾರರು ನ್ಯಾಯಾಲಯದ ಮೊರೆ ಹೋದರು. 2009ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಮಾಣಕ್ಕೆ ಅಡ್ಡಿಯಿಲ್ಲವೆಂದಿತು. ಮರುವರ್ಷ ಸೆಪ್ಟೆಂಬರಿನಲ್ಲಿ, ಕೂಟಕ್ಕೆ ಕೆಲವೇ ವಾರ ಉಳಿದಿರುವಾಗ, ಯಮುನೆ ಉಕ್ಕಿದಳು. ಕ್ರೀಡಾಗ್ರಾಮದ ಸುತ್ತ ನೀರು ನಿಂತಿತು. ನದಿ ತನ್ನ ಬಯಲನ್ನು ಮರೆಯುವುದಿಲ್ಲ.

ಮನುಷ್ಯರ ಪಾಡೂ ನೆಲದ ಪಾಡಿಗಿಂತ ಭಿನ್ನವಾಗಿರಲಿಲ್ಲ. ಜಂಗಪುರದ ಬಾರಾಪುಲ್ಲಾ ನಾಲೆಯ ಬದಿಯಲ್ಲಿ ದಶಕಗಳಿಂದ ನೆಲೆಸಿದ್ದ, ತಮಿಳುನಾಡು ಮೂಲದ ದಲಿತ ಕುಟುಂಬಗಳ ಕೇರಿಯನ್ನು 2010ರ ಏಪ್ರಿಲ್‌ನಲ್ಲಿ ನೆಲಸಮ ಮಾಡಲಾಯಿತು. ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ವಾಹನ ನಿಲ್ಲಿಸುವ ಜಾಗ ಬೇಕಾಗಿತ್ತು. ವಸತಿ ಹಕ್ಕುಗಳ ಸಂಘಟನೆಯೊಂದು 2011ರಲ್ಲಿ ಪ್ರಕಟಿಸಿದ ಅಧ್ಯಯನ, ಕೂಟದ ನಿಮಿತ್ತ ಮನೆ ಕಳೆದುಕೊಂಡವರು ಕನಿಷ್ಠ ಎರಡು ಲಕ್ಷ ಜನರೆಂದು ಅಂದಾಜಿಸಿತು. ಕಾಮಗಾರಿಗಳಲ್ಲಿ ದುಡಿದ ವಲಸೆ ಕಾರ್ಮಿಕರ ಕೂಲಿ, ವಸತಿ, ಸುರಕ್ಷತೆಗಳ ಸ್ಥಿತಿಯನ್ನು ಪರಿಶೀಲಿಸಲು ದೆಹಲಿ ಉಚ್ಚ ನ್ಯಾಯಾಲಯವೇ ಸಮಿತಿಯನ್ನು ನೇಮಿಸಬೇಕಾಯಿತು. ಜಲಾಶಯಕ್ಕೆ ಊರು ಬಿಟ್ಟುಕೊಟ್ಟ ಶರಾವತಿ ಕಣಿವೆಯ ಮನೆತನಗಳಿಗೆ ಈ ಕತೆಯ ಹೆಸರುಗಳಷ್ಟೇ ಹೊಸವು.

ಎಲ್ಲ ಕೂಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಬೆಂಗಳೂರಿನಲ್ಲಿ ನಿರ್ಮಾಣವಾದ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಅನಂತರವೂ ಪಂದ್ಯಗಳು ನಡೆದವು. ಕೋರಮಂಗಲದ ಕ್ರೀಡಾಗ್ರಾಮ ಜನವಸತಿಯಾಯಿತು. ಕೂಟದ ಗಾತ್ರ ಊರಿನ ಅಳತೆಗೆ ಹೊಂದಿಕೊಂಡಾಗ ಕಟ್ಟಿದ್ದು ಉಪಯೋಗಕ್ಕೆ ಬರುತ್ತದೆ. ಊರನ್ನೇ ಕೂಟದ ಅಳತೆಗೆ ಹಿಗ್ಗಿಸಲು ಹೊರಟಾಗ ನಷ್ಟ ಖಚಿತವಾಗುತ್ತದೆ.

ಬೇಡವೆಂದ ಬೆಟ್ಟದ ಜನ

ಆತಿಥ್ಯ ದೊರೆತ ಮೇಲೂ ಬೇಡವೆಂದು ಹಿಂದಿರುಗಿಸಿದ ಊರೊಂದುಂಟು. ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್ ನಗರಕ್ಕೆ 1976ರ ಚಳಿಗಾಲದ ಒಲಿಂಪಿಕ್ಸ್ 1970ರಲ್ಲಿ ದೊರೆಯಿತು. ಸ್ಕೀ ಸ್ಪರ್ಧೆಗೆ ಗೊತ್ತುಪಡಿಸಿದ ಒಂದು ಬೆಟ್ಟದಲ್ಲಿ ಸಾಕಷ್ಟು ಹಿಮವೇ ಬೀಳುತ್ತಿರಲಿಲ್ಲ. ಪ್ರಚಾರದ ಚಿತ್ರದಲ್ಲಿ ಹಿಮವನ್ನು ಬಣ್ಣದಿಂದ ಬಳಿದು ತೋರಿಸಲಾಗಿತ್ತು. ಬೆಟ್ಟದೂರುಗಳ ನಿವಾಸಿಗಳು ಮೊದಲು ತಮ್ಮ ಓರೆ, ತಮ್ಮ ನೀರು, ತಮ್ಮ ರಸ್ತೆಗಳ ಬಗ್ಗೆ ಪ್ರಶ್ನೆ ಕೇಳಿದರು. ಬಳಿಕ ತೆರಿಗೆದಾರರು ಲೆಕ್ಕ ಕೇಳಿದರು. ಎರಡೂ ಪ್ರಶ್ನೆಗಳು ಒಂದಾದಾಗ ಚಳವಳಿ ಬಲಗೊಂಡಿತು. ಮುಂದೆ ರಾಜ್ಯದ ಗವರ್ನರ್ ಆದ ರಿಚರ್ಡ್ ಲ್ಯಾಮ್ ಅದರ ಮುಂಚೂಣಿಯಲ್ಲಿದ್ದರು. ಸಹಿ ಸಂಗ್ರಹಿಸಿ, ವಿಷಯವನ್ನು ಮತಪೆಟ್ಟಿಗೆಗೆ ಒಯ್ದರು. 1972ರ ನವೆಂಬರ್ 7ರಂದು ರಾಜ್ಯದ ಮತದಾರರಲ್ಲಿ ಶೇಕಡಾ 60ರ ಸಮೀಪದಷ್ಟು ಜನ ಕೂಟಕ್ಕೆ ಸಾರ್ವಜನಿಕ ಹಣ ಕೊಡಕೂಡದೆಂದು ತೀರ್ಪಿತ್ತರು. ಕೂಟ ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರಕ್ಕೆ ಹೋಯಿತು; 1964ರಲ್ಲಿ ಒಮ್ಮೆ ಕೂಟ ನಡೆಸಿದ್ದರಿಂದ ಅಲ್ಲಿ ಸೌಕರ್ಯಗಳಿದ್ದವು. ಕೊಲರಾಡೋದಲ್ಲಿ ಸ್ಕೀ ಕ್ರೀಡೆ ನಿಂತುಹೋಗಲಿಲ್ಲ. ಎರಡು ಬಾರಿ ಕೂಟ ನಡೆಸಿದ ಅನುಭವವಿದ್ದ ಇನ್ಸ್‌ಬ್ರುಕ್ ಸೇರಿದ ಟಿರೋಲ್ ಪ್ರಾಂತ್ಯದ ಜನರೂ 2017ರ ಅಕ್ಟೋಬರಿನಲ್ಲಿ, 2026ರ ಕೂಟಕ್ಕೆ ಅರ್ಜಿ ಹಾಕುವುದು ಬೇಡವೆಂದು ಬಹುಮತದಿಂದ ಹೇಳಿದರು.

ತಡವಾಗಿ ಎಚ್ಚೆತ್ತರೆ ತೆರಬೇಕಾದ ಬೆಲೆಯೂ ಉಂಟು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2026ರ ಕಾಮನ್‌ವೆಲ್ತ್ ಕೂಟವನ್ನು ಒಪ್ಪಿಕೊಂಡು, 2023ರ ಜುಲೈಯಲ್ಲಿ ಕೈಬಿಟ್ಟಿತು. ನಡೆಯದ ಆ ಕೂಟಕ್ಕೆ 58 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ವ್ಯಯವಾಯಿತೆಂದು ಅಲ್ಲಿನ ಲೆಕ್ಕಪರಿಶೋಧಕರು 2024ರಲ್ಲಿ ತಿಳಿಸಿದರು. ಅದೇ ಕೂಟವನ್ನು ವಹಿಸಿಕೊಂಡ ಗ್ಲಾಸ್ಗೋ ಹತ್ತು ಕ್ರೀಡೆ, ಈಗಾಗಲೇ ಇದ್ದ ನಾಲ್ಕು ತಾಣ ಎಂದು ಮಿತಿ ಹಾಕಿಕೊಂಡಿತು. ಆದ್ದರಿಂದ ಪ್ರಶ್ನೆ ಕೇಳಬೇಕಾದ ಸಮಯ ಅರ್ಜಿ ಹಾಕುವ ಮೊದಲು.

ಕೇಳಬೇಕಾದ ಪ್ರಶ್ನೆಗಳು

ಕೂಟ ಯಾವ ಊರಿನದಾದರೂ ಐದು ಪ್ರಶ್ನೆಗಳನ್ನು ಮೊದಲೇ ಕೇಳಬೇಕು. ಅಂದಾಜು ಮೀರಿದರೆ ತೆರುವವರು ಯಾರು, ಮತ್ತು ಯಾವ ಬಾಬತ್ತಿನಿಂದ? ಈಗಿರುವ ಕ್ರೀಡಾಂಗಣಗಳು ಸಾಲವೆಂದು ಹೇಳಿದವರು ಯಾರು? ನೆಲ ಯಾರದು, ಅಲ್ಲಿ ಈಗ ಬದುಕುತ್ತಿರುವವರಿಗೆ ಬೇರೆ ಮನೆ ಮೊದಲೋ, ಬುಲ್‌ಡೋಜರು ಮೊದಲೋ? ಆಟ ಮುಗಿದ ಐದನೆಯ ವರ್ಷ ಆ ಕಟ್ಟಡದ ನಿರ್ವಹಣೆಯ ವೆಚ್ಚ ಎಷ್ಟು? ನೆಲವನ್ನು ಮೊದಲಿನಂತೆ ಮಾಡಿಕೊಡುತ್ತೇವೆಂಬ ಮಾತಿಗೆ ಹಣವನ್ನು ಮೊದಲೇ ಬೇರೆಯಾಗಿ ತೆಗೆದಿರಿಸಲಾಗಿದೆಯೇ?

ಈ ಪ್ರಶ್ನೆ ಕೇಳಿದವರನ್ನು ಕ್ರೀಡಾದ್ವೇಷಿಗಳೆನ್ನುವುದು ವಾಡಿಕೆ. ವಾಸ್ತವವಾಗಿ ಕ್ರೀಡೆಗೆ ಬೇಕಾದದ್ದು ಹಳ್ಳಿಯ ಶಾಲೆಗೊಂದು ಆಟದ ಬಯಲು, ತಾಲ್ಲೂಕಿಗೊಬ್ಬ ತರಬೇತಿದಾರ, ಓಡುವ ಹುಡುಗಿಗೆ ಹೊಟ್ಟೆತುಂಬ ಊಟ. ಇವು ಟೆಂಡರು ಕರೆಯುವಷ್ಟು ದೊಡ್ಡ ಬಾಬತ್ತುಗಳಲ್ಲವಾದ್ದರಿಂದ ಯಾರೂ ಇವಕ್ಕಾಗಿ ಆತುರಪಡುವುದಿಲ್ಲ.

ಅಹಮದಾಬಾದಿನ ಕೂಟಕ್ಕೆ ಇನ್ನೂ ಕಾಲಾವಕಾಶವಿದೆ. ದೆಹಲಿಯ ವರದಿ ಸಂಸತ್ತಿನ ದಾಖಲೆಯಲ್ಲಿದೆ. ಅದನ್ನು ಓದಿ ಸಾಬರಮತಿಯ ದಂಡೆಯ ಕೇರಿಗಳಲ್ಲಿ, ರಾಜ್ಯಗಳ ಶಾಸನಸಭೆಗಳಲ್ಲಿ, ಪತ್ರಿಕೆಗಳಲ್ಲಿ ಲೆಕ್ಕ ಕೇಳಲು ಅವಸರದ ನೆಪ ಹುಟ್ಟಿಕೊಳ್ಳುವ ಮುನ್ನವೇ ತೊಡಗಬೇಕು. ಮಲೆನಾಡಿನ ಸಂಘಟನೆಗಳು ಅಣೆಕಟ್ಟು, ಗಣಿ, ನೆಡುತೋಪುಗಳ ವಿಷಯದಲ್ಲಿ ಗಳಿಸಿದ ಅನುಭವವನ್ನು ಆ ಊರುಗಳ ಜನರೊಡನೆ ಹಂಚಿಕೊಳ್ಳಲು ಇದು ತಕ್ಕ ಕಾಲ. ಗರಿವಾಂಗ್‌ನ ಓರೆಯಲ್ಲಿ ಆ ಮಾತುಕತೆ ಮರ ಬಿದ್ದ ಮೇಲೆಯೂ ಮುಂದುವರಿಯಿತು. ಡೆನ್ವರ್‌ನಲ್ಲಿ ಮರ ಬೀಳುವ ಮೊದಲೇ ಮುಗಿಯಿತು.